ಎರಡನೇ ಪ್ರಶ್ನೆಯ ಉತ್ತರ ಮತ್ತು ನಮ್ಮ ಅಕ್ಕೋರು

ಹೋದ ವಾರ ಸೊಲ್ಲಾಪುರದ ಒಂದು ದವಾಖಾನೆಯಲ್ಲಿ ಕಿವಿ ತಪಾಸಣೆಗೆ ಕೂತಿದ್ದೆ. ಕಿವಿಗೆ ಅಂಥದ್ದೇನೂ ಆಗಿರಲಿಲ್ಲ. ಹೆಂಡತಿ ಕರೆದದ್ದು ಎರಡು ಸಲ ಕೇಳಿಸಿರಲಿಲ್ಲ, ಅಷ್ಟೆ. ಬೇರೆ ಗಂಡಸರು ಅದನ್ನು ಸುಖವೆಂದು ತಿಳಿಯುತ್ತಾರೆ. ನಾನು ರೋಗವೆಂದು ತಿಳಿದೆ. ಗಾಜಿನ ಸಣ್ಣ ಕೋಣೆಯೊಳಗೆ ಕೂಡಿಸಿ, ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿ, ಸಪ್ಪಳ ಕೇಳಿಸಿದಾಗೆಲ್ಲ ಗುಂಡಿ ಒತ್ತಲು ಹೇಳಿದರು. ಎಲ್ಲಿ ಕೇಳಿಸದೇ ಹೋಗುತ್ತದೋ ಎಂದು ಅಂಜಿ ನಾನು ಸಪ್ಪಳ ಬರುವ ಮೊದಲೇ ಒತ್ತತೊಡಗಿದೆ. ತಪಾಸಣೆಯ ಹುಡುಗಿ ಬೇಸತ್ತು ಒಳಗೆ ಬಂದು ಹೆಡ್‌ಫೋನ್ ಸರಿಮಾಡಿದಳು. ಆಕೆಯ ಬಾಯಲ್ಲಿ ಲವಂಗವಿತ್ತು. ಹಳೆಯ ಕರಿ ಸ್ಪಂಜಿನ ವಾಸನೆ, ಅದರ ಮೇಲೆ ಲವಂಗದ ವಾಸನೆ... ಆಮೇಲೆ ಬಂದ ಸಪ್ಪಳ ಒಂದೂ ನನ್ನ ಕಿವಿಗೆ ಬೀಳಲಿಲ್ಲ.

ಅಕ್ಕೋರು ಲವಂಗ ಬಾಯಲ್ಲಿಟ್ಟುಕೊಂಡೇ ಕೆಲಸ ಮಾಡುತ್ತಿದ್ದರು. ಅವರ ಹೆಡ್‌ಫೋನ್ ಕೆಟ್ಟರೆ ನನ್ನದನ್ನು ತೆಗೆದುಕೊಳ್ಳುತ್ತಿದ್ದರು, ಮರಳಿ ಕೊಟ್ಟಾಗ ಅದಕ್ಕೆ ಇದೇ ವಾಸನೆ ಹತ್ತಿರುತ್ತಿತ್ತು.

ಅಕ್ಕೋರು ಎಂದರೆ ನನಗೆ ಅಕ್ಕಲಕೋಟದ ಕನ್ನಡ ಸಾಲೆಯಲ್ಲಿ ನಾಲ್ಕನೇ ಇಯತ್ತೆಗೆ ಕಲಿಸಿದವರು. ಒತ್ತಕ್ಷರ ತಪ್ಪಿದರೆ ಬೆರಳ ಗಂಟಿನ ಮೇಲೆ ಪಟ್ಟಿಯಿಂದ ಬಡಿಯುತ್ತಿದ್ದರು. ನಿಬಂಧ ಚೆನ್ನಾಗಿ ಬರೆದವರನ್ನು ಎಬ್ಬಿಸಿ ನಿಲ್ಲಿಸಿ, ಹೆಸರು ಹೇಳಿ, ಇಡೀ ವರ್ಗಕ್ಕೆ ಓದಿ ತೋರಿಸುತ್ತಿದ್ದರು. ನನ್ನದನ್ನು ಒಂದೇ ಸಲ ಓದಿದ್ದರು. ಅವತ್ತು ನಾನು ಮನೆಗೆ ಹೋಗಿ ಉಣ್ಣಲೇ ಇಲ್ಲ, ಮುಂದಿನ ನಿಬಂಧ ಇಷ್ಟು ಚಂದ ಬರದಿದ್ದರೆ ಏನು ಗತಿ ಎಂಬ ಚಿಂತೆಯಲ್ಲಿ.

ಅದಾದ ಮೂವತ್ತೈದು ವರ್ಷಕ್ಕೆ ನಾವಿಬ್ಬರೂ ಒಂದೇ ಕಂಪನಿಯಲ್ಲಿ ಅಕ್ಕಪಕ್ಕದ ಖುರ್ಚಿಯಲ್ಲಿ ಕೂತೆವು. ಜಗತ್ತಿಗೆಲ್ಲ ಗೊತ್ತಿರುವ ಬಹಳ ದೊಡ್ಡ ತಂತ್ರಜ್ಞಾನದ ಕಂಪನಿ. ನಮ್ಮ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕಾರ್ಖಾನೆ ವಸಾಹತಿನಲ್ಲಿ, ಮಗ್ಗ ಕಿತ್ತು ಹಾಕಿದ ಒಂದು ಶೆಡ್ಡಿನ ಮೇಲೆ ಗಾಜಿನ ಮಜಲೊಂದನ್ನು ಕಟ್ಟಿ ಕಚೇರಿ ತೆರೆದಿತ್ತು. ನಾನು ಅದಕ್ಕೂ ಮೊದಲು ಅದೇ ರಸ್ತೆಯ ಒಂದು ಟವೆಲ್ ಕಾರ್ಖಾನೆಯಲ್ಲಿ ಮಾಲು ಕಳಿಸುವ ಕಾರಕೂನನಾಗಿದ್ದೆ. ಕಾರ್ಖಾನೆ ಮುಚ್ಚಿತು. ಮುಚ್ಚುತ್ತದೆಂದು ನಾನು ಹದಿನಾಲ್ಕು ವರ್ಷ ಚಿಂತಿಸಿದ್ದೆ, ಹಾಗಾಗಿ ಅದೊಂದರಲ್ಲಿ ನನ್ನ ಚಿಂತೆ ಸುಳ್ಳಾಗಲಿಲ್ಲ.

ಕೆಲಸ ಹೀಗಿತ್ತು. ಜನ ತಮ್ಮ ಫೋನಿಗೆ ಕನ್ನಡದಲ್ಲಿ ಮಾತಾಡಿದ್ದು ನಮ್ಮ ಕಿವಿಗೆ ಬರುತ್ತಿತ್ತು. ಯಂತ್ರ ಅದನ್ನು ಅಕ್ಷರಕ್ಕೆ ಇಳಿಸಿರುತ್ತಿತ್ತು. ಸರಿ ಇದ್ದರೆ ಹಸಿರು ಗುಂಡಿ, ತಪ್ಪಿದ್ದರೆ ತಿದ್ದುವುದು, ಮಾತೇ ತಿಳಿಯದಿದ್ದರೆ ‘ಅಸ್ಪಷ್ಟ’ ಎಂಬ ಗುಂಡಿ. ಕನ್ನಡದ ಮೇಜಿನಲ್ಲಿ ನಾವು ಐದು ಜನ. ಉಳಿದ ಮೂವರು ಹುಡುಗರು ಮನೆಯಲ್ಲಿ ಕನ್ನಡ ಆಡುವವರೇ, ಆದರೆ ಓದಿದ್ದು ಮರಾಠಿ. ದನಿ ಗಂಡಸಿನದೋ ಹೆಂಗಸಿನದೋ, ಹಿಂದೆ ಗದ್ದಲ ಇದೆಯೋ ಎಂದು ಅವರು ಗುರುತು ಹಾಕುತ್ತಿದ್ದರು. ಆ ಇಡೀ ಕಟ್ಟಡದಲ್ಲಿ ಕನ್ನಡ ಬರೆಯಲು ಬರುತ್ತಿದ್ದವರು ಇಬ್ಬರೇ, ನಾನು ಮತ್ತು ಅಕ್ಕೋರು. ನಿವೃತ್ತರಾಗಿದ್ದ ಅವರನ್ನು ಕಂಪನಿಯೇ ಹುಡುಕಿ ಕರೆತಂದಿತ್ತು. ನಾನು ತಿದ್ದಿದ್ದನ್ನು ಮತ್ತೊಮ್ಮೆ ನೋಡಿ ಅಂಕ ಹಾಕುವುದು ಅವರ ಕೆಲಸ. ಇಲ್ಲಿ ಪಟ್ಟಿ ಇರಲಿಲ್ಲ, ಆದರೂ ನಾನು ಕೈ ಬೆರಳನ್ನು ಮಡಚಿಟ್ಟುಕೊಂಡೇ ಕೂಡುತ್ತಿದ್ದೆ.

ಅಕ್ಕೋರಿಗೆ ಆ ಕಂಪನಿ ಬಹಳ ಸೇರಿತ್ತು. ಸಾಲೆಯಲ್ಲಿ ಅವರಿಗೆ ಇದ್ದದ್ದು ಕಬ್ಬಿಣದ ಮಡಚುವ ಖುರ್ಚಿ. ಇಲ್ಲಿ ತಿರುಗುವ ಖುರ್ಚಿ. ಯಾರೂ ನೋಡದಾಗ ಅರ್ಧ ಸುತ್ತು ತಿರುಗಿ, ಸೆರಗು ಸರಿಮಾಡಿಕೊಂಡು, ಏನೂ ಆಗದವರಂತೆ ಮರಳಿ ಬರುತ್ತಿದ್ದರು. ತಣ್ಣನೆಯ ಗಾಳಿ, ಕೇಳಿದಾಗ ಚಹಾ, ಬಾಗಿಲಲ್ಲಿ ಸಲಾಮು ಹೊಡೆಯುವ ಕಾವಲುಗಾರ. ನನಗೂ ಸೇರಿತ್ತು, ಸುಳ್ಳೇಕೆ ಹೇಳಲಿ. ಎಲ್ಲಕ್ಕಿಂತ ಹೆಚ್ಚು ಸೇರಿದ್ದು ದವಾಖಾನೆಯ ವಿಮೆಯ ಕಾರ್ಡು. ಅದರ ಮೇಲೆ ನಮ್ಮವ್ವನ ಹೆಸರೂ ಇತ್ತು. ಅವ್ವನ ಎರಡೂ ಮೊಣಕಾಲು ಸವೆದು, ಗೋಡೆ ಹಿಡಿಯದೆ ಅಡಿ ಇಡಲು ಆಗುತ್ತಿರಲಿಲ್ಲ. ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ದೀಪಾವಳಿ ಮುಗಿದ ಮರುವಾರ. ನಾನು ಆ ಕಾರ್ಡಿನ ನಕಲು ನಾಲ್ಕು ಮಾಡಿಸಿ ಮನೆಯ ನಾಲ್ಕು ಕಡೆ ಇಟ್ಟಿದ್ದೆ.

ಸೇರದ್ದೂ ಇತ್ತು. ಐದು ನಿಮಿಷ ಕೈ ನಿಂತರೆ ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆ ಬೀಳುತ್ತಿತ್ತು. ಅಕ್ಕೋರಿಗೆ ಸಕ್ಕರೆ ಕಾಯಿಲೆ. ಮೇಲಿಂದ ಮೇಲೆ ಏಳಬೇಕಾಗುತ್ತದೆಂದು ಅವರು ಮುಂಜಾನೆಯಿಂದ ನೀರನ್ನೇ ಕುಡಿಯುತ್ತಿರಲಿಲ್ಲ. ಲವಂಗ ಅದಕ್ಕೇ, ಬಾಯಿ ಒಣಗಬಾರದೆಂದು. ನಾನು ಒಮ್ಮೆ ಕೇಳಿದೆ.

“ಅಕ್ಕೋರೆ, ಒಂದ್ ಗುಟುಕರೆ ಕುಡೀರಿ. ಚುಕ್ಕಿ ಬಿದ್ರ ಬೀಳವಲ್ದ್ಯಾಕ.”

“ಮೂವತ್ತಾರ ವರ್ಷದಾಗ ನನ್ನ ಹಾಜರಿಯೊಳಗ ಕೆಂಪ ಗೆರಿ ಬಿದ್ದಿಲ್ಲ. ಈಗ ಬೀಳಸ್ಲೇನ? ನಿನ್ನ ಕೆಲಸ ನೋಡ. ಮ್ಯಾಲಿನ ಸಾಲಿನ್ಯಾಗ ದೀರ್ಘ ಬಿಟ್ಟೀದಿ.”

ನನ್ನನ್ನು ನಿಜವಾಗಿ ಕಾಡಿದ್ದು ಆ ಅಸ್ಪಷ್ಟದ ಗುಂಡಿ. ಮಾತು ಪುಸ್ತಕದ ಕನ್ನಡದ ಹತ್ತಿರ ಇಲ್ಲದಿದ್ದರೆ ಅದನ್ನೇ ಒತ್ತಬೇಕೆಂದು ನಿಯಮ. ಯಾವುದೋ ಹಳ್ಳಿಯ ಮುದುಕಿ ಫೋನಿಗೆ ಕೇಳುತ್ತಾಳೆ: “ನನ್ ಮಗಳ ಊರಿಗಿ ಬಸ್ಸ ಎಷ್ಟಕ್ಕ ಐತಿ?” ನೀರಿನಷ್ಟು ತಿಳಿಯಾದ ಮಾತು. ನನ್ನ ಅವ್ವನ ದನಿಯೇ. ನಾನು ಕೇಳಿ, ತಿಳಿದು, ಅಸ್ಪಷ್ಟ ಎಂದು ಒತ್ತಬೇಕು. ದಿನಕ್ಕೆ ನೂರಾರು ಸಲ ಒತ್ತಿ, ಸಂಜೆ ಮನೆಗೆ ಹೋದರೆ ಅವ್ವ “ಬಂದೇನಪ್ಪಾ?” ಅನ್ನುತ್ತಿದ್ದಳು. ಬೆರಳು ತಾನಾಗಿ ಅಲುಗಿದಂತೆ ಆಗುತ್ತಿತ್ತು...

ಒಂದು ದಿನ ಎಲ್ಲರನ್ನೂ ದೊಡ್ಡ ಪರದೆಯ ಮುಂದೆ ಕೂಡಿಸಿದರು. ಬೇರೆ ದೇಶದಿಂದ ಒಬ್ಬ ದೊಡ್ಡ ಅಧಿಕಾರಿ ಮಾತಾಡಿದ. ನಮ್ಮ ತಂಡದ ಲೀಡ್, ಪುಣೆ ಕಡೆಯ ಸಣ್ಣ ವಯಸ್ಸಿನ ನಗುಮುಖದ ಸಾಹೇಬ, ಅದನ್ನು ಮರಾಠಿಯಲ್ಲಿ ತಿಳಿಸಿದ. ಎಲ್ಲರ ಪರದೆಗೂ ಎರಡು ಪ್ರಶ್ನೆ ಬರುತ್ತವೆ. ಇಲ್ಲಿ ಕೆಲಸ ಮಾಡುವುದರಲ್ಲಿ ನಿಮಗೆ ಹಿಡಿಸುವುದು ಏನು, ಹಿಡಿಸದ್ದು ಏನು. ಹೆಸರು ಕೇಳುವುದಿಲ್ಲ. ಯಾರು ಬರೆದದ್ದೆಂದು ತಿಳಿಯುವ ದಾರಿಯೇ ಇಲ್ಲ. ನಿಮ್ಮ ನಿಮ್ಮ ಮಾತೃಭಾಷೆಯಲ್ಲಿ, ಮನಸ್ಸು ಬಿಚ್ಚಿ ಬರೆಯಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಕ್ಕೋರ ಕಣ್ಣು ತುಂಬಿತ್ತು. “ನೋಡೊ,” ಅಂದರು, “ಇಷ್ಟ ವರ್ಷ ಸಾಲಿ ಕಲಿಸೀನಿ. ನಿನಗೇನ ಬೇಕವಾ, ನಿನಗೇನ ತ್ರಾಸ ಅದ ಅಂತ ಒಬ್ಬ ಇನ್ಸ್‌ಪೆಕ್ಟರ ಕೇಳಲಿಲ್ಲ. ಇವ್ರು ಕೇಳಾಕತ್ತಾರ.”

ನಾನು ಒಂದು ವಾರ ಯೋಚಿಸಿದೆ. ನನ್ನಂಥವನು ಬರೆಯಬಾರದಿತ್ತು. ಆದರೆ ಚಿಂತೆ ಮಾಡುವವನ ದೌರ್ಬಲ್ಯವೇ ಅದು. ಯಾರಾದರೂ ಒಮ್ಮೆ “ಅಂಜಬೇಡ” ಎಂದರೆ ಇದ್ದಬಿದ್ದ ನಂಬಿಕೆಯನ್ನೆಲ್ಲ ಅವರ ಕಾಲ ಬಳಿ ಸುರಿದುಬಿಡುತ್ತಾನೆ. ಹೆಸರಿಲ್ಲ, ಇಂಗ್ಲಿಷಿಲ್ಲ, ಇನ್ನೇನು ಬೇಕು ಎಂದು ಧೈರ್ಯ ತಂದುಕೊಂಡು ಬರೆದೆ. ಕನ್ನಡದಲ್ಲಿ ಬರೆದೆ. ಬರೆಯುವ ಹುರುಪಿನಲ್ಲಿ, ಆ ಕಟ್ಟಡದಲ್ಲಿ ಕನ್ನಡ ಬರೆಯುವವರು ಇಬ್ಬರೇ ಎಂಬ ಲೆಕ್ಕ ನನ್ನ ತಲೆಗೆ ಹೊಳೆಯಲೇ ಇಲ್ಲ. ಮನೆಗೆ ಕೀಲಿ ಹಾಕಿ ಮೂರು ಸಲ ಜಗ್ಗಿ ನೋಡುವ ಮನುಷ್ಯ ನಾನು.

ಮೊದಲನೇ ಪ್ರಶ್ನೆಗೆ ಒಂದು ಸಾಲು ಬರೆದೆ. ಎರಡನೆಯದಕ್ಕೆ, ತಪ್ಪು ತಿಳಿಯಬಾರದು ಎಂದು ಶುರುಮಾಡಿ, ಎರಡು ಪುಟ. ತಾಯಂದಿರ ಮಾತನ್ನು ನಮ್ಮ ಕೈಯಿಂದಲೇ ಅಸ್ಪಷ್ಟ ಎನ್ನಿಸುತ್ತೀರಿ, ತಿಳಿಯದಿರುವುದು ಯಂತ್ರಕ್ಕೆ, ಗುರುತು ಬೀಳುವುದು ಅವರ ನಾಲಿಗೆಯ ಮೇಲೆ ಎಂದು ಬರೆದೆ. ಇಲ್ಲಿ ಒಬ್ಬ ಹಿರಿಯರು ನಿಮ್ಮ ಕೆಂಪು ಚುಕ್ಕೆಗೆ ಅಂಜಿ ದಿನವೆಲ್ಲ ನೀರು ಕುಡಿಯದೆ ಕೂಡುತ್ತಾರೆ ಎಂದೂ ಬರೆದೆ.

ಹತ್ತು ದಿನ ಏನೂ ಆಗಲಿಲ್ಲ. ಹನ್ನೊಂದನೇ ದಿನ ಸಂಜೆ ಅಕ್ಕಲಕೋಟದ ಬಸ್ಸಿನಲ್ಲಿ ನಾವಿಬ್ಬರೂ ಎಂದಿನಂತೆ ಒಂದೇ ಸೀಟಿನಲ್ಲಿ ಕೂತಿದ್ದೆವು. ಅಕ್ಕೋರು ಕಿಟಕಿ ಕಡೆ. ಮುಖದಲ್ಲಿ ಏನೋ ಹಬ್ಬದ ಕಳೆ.

“ನಿಂದು ಓದಿದ್ನೊ,” ಅಂದರು.

“ಏನ್ರಿ?”

“ಎರಡನೇ ಪ್ರಶ್ನೆದ್ದು. ಯಂತ್ರಕ್ಕ ಅದರ ಅರ್ಥ ಆಗಲಿಲ್ಲಂತ. ಮರಾಠಿ ಮಾಡಿ ಕೊಡ್ರಿ ಅಂತ ಸಾಹೇಬ ನನ್ನ ಕಡೆ ಕೊಟ್ಟ. ಮೊದಲನೇ ಸಾಲಿಗೇ ಗೊತ್ತಾತು. ಬೈಯೂಕಿಂತ ಮೊದಲ ಕ್ಷಮಾ ಕೇಳಾಂವ ನನ್ನ ವರ್ಗದಾಗ ನೀ ಒಬ್ಬನಽ ಇದ್ದಿ.”

“ಯಾರಿಗೂ ಹೇಳಿಲ್ಲಲ್ರಿ?”

“ಹೇಳದ ಬಿಡತೀನೇನ? ಇಷ್ಟ ಛಂದ ಯಾರ ಬರದಾರ್ರಿ ಮ್ಯಾಡಮ್ ಅಂತ ಸಾಹೇಬಽ ಕೇಳಿದ. ಇನ್ಯಾರ ಬರೀತಾರ, ನನ್ನ ಕೈಯಾಗ ಕಲ್ತಾಂವ ಅಂತ ನಿನ್ನ ಹೆಸರ ಹೇಳೀನಿ. ನನ್ನ ನೀರಿನ ಸುದ್ದಿನೂ ಬರದೀದಿ, ಹುಚ್ಚಪ್ಪ...” ಎಂದು ನನ್ನ ಮುಂಗೈಯನ್ನು ಮೆಲ್ಲಗೆ ತಟ್ಟಿದರು. ಒಂದು ಕಾಲಕ್ಕೆ ಪಟ್ಟಿಯಿಂದ ಬಡಿದ ಕೈ. “ಒಂದಽ ಒಂದು ಒತ್ತು ತಪ್ಪಿತ್ತು. ಅದನ್ನ ತಿದ್ದಿ ಕೊಟ್ಟೀನಿ.”

ನಾನು ಖುಷಿಯಾಗುತ್ತೇನೆಂದು ಅವರು ನನ್ನ ಮುಖವನ್ನೇ ನೋಡುತ್ತ ಕೂತಿದ್ದರು. ನಾನು “ಛಲೋ ಆತ್ರಿ” ಅಂದೆ. ಬಸ್ಸು ಇಳಿಯುವಾಗ ನನ್ನ ಊಟದ ಡಬ್ಬಿಯನ್ನು ಸೀಟಿನಲ್ಲೇ ಬಿಟ್ಟು ಬಂದೆ. ನನ್ನ ಜೀವಮಾನದಲ್ಲಿ ನಾನು ಮರೆತ ಮೊದಲ ವಸ್ತು ಅದು.

ಮರುವಾರ ಲೀಡ್ ಒಳಗೆ ಕರೆದ. “ಕಾಕಾ, ಟೆನ್ಶನ್ ಘೇಊ ನಕಾ,” ಚಿಂತೆ ಮಾಡಬೇಡಿ ಎಂದು ಸಮಾಧಾನದಿಂದಲೇ ಶುರುಮಾಡಿದ. ಹೀಗೆ ಮನಸ್ಸು ಬಿಚ್ಚಿ ಬರೆಯುವವರು ಕಂಪನಿಗೆ ಬೇಕು ಎಂದ. ಚಹಾ ತರಿಸಿದ. ತಿಂಗಳ ಮೇಲೆ ಮತ್ತೆ ಕರೆದ. ಈ ಸಲ ಚಹಾ ಇರಲಿಲ್ಲ, ಒಂದು ಕಾಗದವಿತ್ತು. ನನ್ನ ಕೆಲಸದ ಗುಣಮಟ್ಟ ಸಾಲದು, ಅದಕ್ಕೆ ಕರಾರು ಮುಂದುವರಿಯುವುದಿಲ್ಲ. ಆಧಾರವೆಂದು ನನ್ನ ಎರಡು ವರ್ಷದ ಅಂಕಗಳನ್ನು ಹಚ್ಚಿದ್ದರು. ಎಲ್ಲ ಅಕ್ಕೋರು ಹಾಕಿದ್ದು. ಅವರು ನಾಲ್ಕನೇ ಇಯತ್ತೆಯಲ್ಲಿ ಹಾಕುತ್ತಿದ್ದ ಹಾಗೇ ಹಾಕಿದ್ದರು. ಹತ್ತಕ್ಕೆ ಆರು, ಬಹಳ ಚೆನ್ನಾಗಿದ್ದರೆ ಏಳು. ಹತ್ತಕ್ಕೆ ಹತ್ತು ಕೊಟ್ಟರೆ ಹುಡುಗ ಕೆಡುತ್ತಾನೆಂದು ನಂಬಿದವರು. ಬೇರೆ ಭಾಷೆಯ ಮೇಜುಗಳಲ್ಲಿ ಒಂಬತ್ತರ ಕೆಳಗೆ ಯಾರಿಗೂ ಬೀಳುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಎರಡು ವರ್ಷ ಆ ಅಂಕಗಳನ್ನು ನೋಡಿಯೂ ಯಾರೂ ತುಟಿ ಬಿಚ್ಚಿರಲಿಲ್ಲ. ಎರಡು ಪುಟ ಬರೆದ ಮೇಲೆ ಅವು ಕಣ್ಣಿಗೆ ಬಿದ್ದವು.

ಕಂಪನಿ ಹೀಗೆ ಮಾಡಿತಲ್ಲ ಎಂದು ನನಗೆ ಅಷ್ಟು ಆಶ್ಚರ್ಯವಾಗಲಿಲ್ಲ. ದೊಡ್ಡವರು ಹೇಳಿದ ಮಾತು ದೊಡ್ಡವರ ಅನುಕೂಲಕ್ಕೆ ಇರುತ್ತದೆಂದು ಎಲ್ಲೋ ಒಳಗೆ ಗೊತ್ತಿತ್ತು. ಎದೆಗೆ ಬಡಿದದ್ದು ಬೇರೆ. ಕಾಗದ ಹಿಡಿದು ಅಕ್ಕೋರ ಬಳಿ ಹೋದೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು. ಎದ್ದು ನೇರ ಲೀಡ್ ಬಳಿ ಹೋದರು. ಅವರ ಪರದೆಯ ಮೇಲೆ ಕೆಂಪು ಚುಕ್ಕೆ ಬಿತ್ತು. ನಾನು ಅದನ್ನೇ ನೋಡುತ್ತ ನಿಂತೆ. ಅರ್ಧ ತಾಸಿನ ಮೇಲೆ ಮರಳಿ ಬಂದರು.

“ನೀ ಬರದದ್ದಕ್ಕೂ ಇದಕ್ಕೂ ಸಂಬಂಧ ಇಲ್ಲಂತ. ಸಾಹೇಬ ನನ್ನ ಮುಂದ ಖರೇನಽ ಹೇಳಿದ.”

“ಅಕ್ಕೋರೆ, ನೀವು ಅದನ್ನ ನಂಬಿದ್ರೇನ್ರಿ?”

“ಅವ್ರು ಅಂಥವರಲ್ಲೊ. ಅಷ್ಟ ದೂರದಿಂದ ನಮ್ಮನ್ನ ಕೇಳಿದವರು...” ಆಮೇಲೆ ನನ್ನನ್ನು ನೋಡದೆ, “ಮತ್ತ ಅಂಕಿ ನಾನಽ ಹಾಕಿದ್ದು. ಅವು ಸುಳ್ಳ ಹೆಂಗ ಆಗತಾವ? ನೀ ದೀರ್ಘ ಬಿಡೂದು ಇನ್ನೂ ಬಿಟ್ಟಿಲ್ಲ,” ಅಂದರು.

ಅವರ ಕರಾರಿನ ಕಾಗದ ಅದೇ ವಾರ ಬಂದಿತ್ತು. ಅವರದು ಮುಂದುವರಿದಿತ್ತು. ಎರಡನ್ನೂ ಕೂಡಿಸಿ ನೋಡುವಷ್ಟು ಸಣ್ಣ ಮನುಷ್ಯ ನಾನು, ಕೂಡಿಸಿ ನೋಡಿದೆ. ಅಕ್ಕೋರು ಅಂಥವರಲ್ಲ ಎಂದು ಇವತ್ತಿಗೂ ಹೇಳಬಲ್ಲೆ. ಆದರೆ ಅವತ್ತು, ಅಂಥವರಲ್ಲ ಎಂಬ ಮಾತನ್ನು ಅವರು ನನ್ನ ಬಗ್ಗೆ ಹೇಳಬಹುದಿತ್ತು. ಕಂಪನಿಯ ಬಗ್ಗೆ ಹೇಳಿದರು.

ವಿಮೆಯ ಕಾರ್ಡು ದಸರೆಗೇ ಸತ್ತಿತು. ನಾಲ್ಕೂ ನಕಲು ಹರಿದು ಹಾಕಿದೆ. ಅವ್ವನಿಗೆ, ಡಾಕ್ಟರು ವಯಸ್ಸಾಯಿತೆಂದು ಬೇಡ ಅಂದರು ಎಂದು ಸುಳ್ಳು ಹೇಳಿದೆ. ಅವಳು ನಂಬಿದಳೋ, ನಂಬಿದ ಹಾಗೆ ಮಾಡಿದಳೋ... ಅವಳ ಕೈಯ ಎಣ್ಣೆಯ ಗುರುತು ನಮ್ಮ ಪಡಸಾಲೆಯ ಗೋಡೆಯುದ್ದಕ್ಕೂ ಒಂದು ಪಟ್ಟೆಯಾಗಿ ನಿಂತಿದೆ. ಸುಣ್ಣ ಹೊಡೆಸಿದರೂ ಆರು ತಿಂಗಳಿಗೆ ಮತ್ತೆ ಮೂಡುತ್ತದೆ.

ನಾನು ಒಂದು ಬೀಜ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಅಕ್ಕೋರ ಓಣಿ ಬಿಟ್ಟು ಸುತ್ತು ಹಾಕಿ ಹೋಗತೊಡಗಿದೆ. ಅವರು ಇನ್ನೂ ಎರಡು ವರ್ಷ ಅಲ್ಲಿ ದುಡಿದರಂತೆ. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಬಿಟ್ಟು ಬಂದರಂತೆ. ಔಷಧದ ಅಂಗಡಿಯವನ ಕೈಯಲ್ಲಿ ಎರಡು ಸಲ ಹೇಳಿ ಕಳಿಸಿದರು: “ಒಮ್ಮೆ ಬಂದು ಹೋಗಂತ ಹೇಳು.” ನಾನು ಹೋಗಲಿಲ್ಲ. ನನ್ನಲ್ಲಿ ಏನೂ ಉಳಿದಿರಲಿಲ್ಲ, ಈ ಒಂದು ಸಿಟ್ಟನ್ನು ಬಿಟ್ಟು. ಅದನ್ನೂ ಒಂದು ಬಟ್ಟಲು ಚಹಾಕ್ಕೆ ಕೊಟ್ಟು ಬರಲು ಮನಸ್ಸಾಗಲಿಲ್ಲ.

ಕಿವಿ ತಪಾಸಣೆಯ ದಿನ ಸೊಲ್ಲಾಪುರದಿಂದ ಮರಳಿ ಬಂದವನು ನೇರ ಔಷಧದ ಅಂಗಡಿಗೆ ಹೋದೆ. ಅಕ್ಕೋರು ಹೆಂಗದಾರ ಎಂದು ಕೇಳಿದೆ. ಅವನು ಪುಡಿಕೆ ಕಟ್ಟುವುದನ್ನು ನಿಲ್ಲಿಸಿ ನನ್ನನ್ನು ನೋಡಿದ.

“ಹೋಗಿ ಹದಿನೈದ ದಿವಸ ಆತಲ್ಲೊ ಮಾರಾಯಾ. ನಿನಗ ಗೊತ್ತಿಲ್ಲೇನ?”

ಜಗತ್ತಿನ ಎಲ್ಲ ಕೆಟ್ಟ ಸುದ್ದಿಯನ್ನೂ ಮುಂಚಿತವಾಗಿ ಊಹಿಸುವ ನನಗೆ ಇದೊಂದು ಗೊತ್ತಿರಲಿಲ್ಲ.

ಮನೆಯಲ್ಲಿ ಅವರ ಸೊಸೆ ಇದ್ದಳು. ಸೊಲ್ಲಾಪುರದಲ್ಲೇ ಹುಟ್ಟಿ ಬೆಳೆದವಳು, ಮರಾಠಿ ಸಾಲೆ ಓದಿದವಳು. ನಾನು ಹೆಸರು ಹೇಳಿದೆ. ಅವಳು ನನ್ನನ್ನು ಒಂದು ಗಳಿಗೆ ಹೆಚ್ಚೇ ನೋಡಿದಂತೆ ಅನ್ನಿಸಿತು. ಚಹಾ ತಂದಿಟ್ಟು ಎದುರಿಗೆ ಕೂತಳು.

“ಅತ್ತಿ ಜೋಡಿ ಕಂಪನ್ಯಾಗ ಇದ್ದಾವ್ರು ನೀವಽ ಹೌದಲ್ರಿ ಕಾಕಾ? ನನಗೂ ಅಲ್ಲಿಂದ ಕರಿ ಬಂದೈತ್ರಿ, ಮರಾಠಿ ಕಡೆ. ಮುಂದಿನ ಸೋಮವಾರದಿಂದ. ಹೆಂಗೈತ್ರಿ ಅಲ್ಲಿ? ಛಲೋ ಏನು, ಕೆಟ್ಟ ಏನು, ಖರೇ ಖರೇ ಹೇಳಬೇಕ ನೋಡ್ರಿ.”

ನಾನು ಅಭ್ಯಾಸಬಲದಿಂದ ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ. ಗೋಡೆಯ ಮೇಲಿನ ಫೋಟೋದಲ್ಲಿ ಅಕ್ಕೋರು ಕನ್ನಡಕದೊಳಗಿಂದ, ಉತ್ತರಕ್ಕೆ ಕಾಯುವವರ ಹಾಗೆ ನೋಡುತ್ತಿದ್ದರು. ಏನು ಹೇಳಲಿ? ನಿಮ್ಮ ಅತ್ತೆ ನನ್ನ ಹೆಸರು ಹೇಳಿದರು ಎಂದೇ? ಅಲ್ಲಿ ತಣ್ಣಗಿರುತ್ತದೆ, ಖುರ್ಚಿ ಚೆನ್ನಾಗಿರುತ್ತವೆ ಎಂದು ತೊದಲಿದೆ. ನೀರು ಕುಡಿಯುವುದನ್ನು ಮಾತ್ರ ಬಿಡಬೇಡವ್ವಾ ಎಂದೆ.

“ಅತ್ತಿನೂ ಇದನ್ನಽ ಹೇಳತಿದ್ರು,” ಎಂದು ನಕ್ಕಳು. ಆಮೇಲೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಅಂದಳು: “ದವಾಖಾನ್ಯಾಗ ಇದ್ದಾಗ, ಅರ್ಜಿ ಹಾಕೀನ್ರಿ ಅಂತ ಹೇಳಿದೆ. ಹಾಕಬ್ಯಾಡ ಅನಲಿಲ್ರಿ. ಇನ್ನೊಂದ ಮಾತ ಅಂದ್ರು. ಅಲ್ಲಿ ನಿನ್ನ ಮನಸಿನಾಗ ಏನೈತಿ ಅಂತ ಕೇಳತಾರ. ಖರೇ ಬರಿಯೂದಿದ್ರ ಮರಾಠಿ ಒಳಗ ಬರಿ, ನೂರ ಮಂದಿ ಒಳಗ ಒಬ್ಬಾಕಿ ಆಗತಿ. ಕನ್ನಡದಾಗ ಮಾತ್ರ ಬರೀಬ್ಯಾಡ ಅಂದ್ರು. ನಾ ಒಬ್ಬಾಂವಗ ಬರಿಯಾಕ ಕಲಿಸಿ ಕೆಡಿಸೀನಿ ಅಂತ ಅತ್ರು.”

ಮೂವತ್ತಾರು ವರ್ಷ ಮಕ್ಕಳ ಬೆರಳು ಹಿಡಿದು ಕನ್ನಡ ತಿದ್ದಿಸಿದ ಹೆಂಗಸು.

ನಾನು ಬಟ್ಟಲನ್ನು ಕೆಳಗಿಟ್ಟೆ. ಯಾವಾಗ ಗೊತ್ತಾಯಿತು ಅವರಿಗೆ? ಕೆಲಸ ಬಿಟ್ಟು ಬಂದ ದಿನವೋ, ಅದಕ್ಕಿಂತ ಮೊದಲೋ? ಎರಡು ಸಲ ಹೇಳಿ ಕಳಿಸಿದ್ದು ಇದಕ್ಕೇ ಇರಬೇಕು... ಕೇಳಲು ಈಗ ಯಾರಿದ್ದಾರೆ.

ಸೊಸೆ ನನ್ನ ಮುಖ ನೋಡಿ ಗಾಬರಿಯಾಗಿ ಸಮಾಧಾನ ಹೇಳಲು ಬಂದಳು. “ನನ್ನ ಕಾಳಜಿ ಮಾಡಬ್ಯಾಡ್ರಿ ಕಾಕಾ. ನನಗ ಕನ್ನಡ ಬರಿಯಾಕಽ ಬರಂಗಿಲ್ಲ.”

ಮೊನ್ನೆ ಸೋಮವಾರ ಆಕೆ ಕೆಲಸಕ್ಕೆ ಸೇರಿದಳಂತೆ. ನಾನು ಮನೆಯಲ್ಲಿ ಕೂತು ಇಷ್ಟನ್ನು ಬರೆದೆ, ಕನ್ನಡದಲ್ಲೇ. ಎಲ್ಲೋ ನಾಲ್ಕಾರು ಕಡೆ ದೀರ್ಘ ಬಿಟ್ಟಿರುತ್ತೇನೆ, ಒತ್ತು ತಪ್ಪಿರುತ್ತೇನೆ. ತಿದ್ದಿ ಕೊಡುವವರು ಹೋದರು.